ಊರಿನ ರಸ್ತೆಯಲ್ಲಿ ಅಪಘಾತ ಕಡಿಮೆ ಮಾಡುವುದು ಹೇಗೆ? ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮಲೆನಾಡಿನ ಯಾವ ಊರಿಗೆ ಹೋಗಿ ಕೇಳಿದರೂ ‘ಆ ತಿರುವು ಸರಿ ಇಲ್ಲ ಮಾರಾಯ್ರೆ’ ಅನ್ನುವ ಒಂದು ಜಾಗ ಇದ್ದೇ ಇರುತ್ತದೆ. ಮಳೆ ಶುರುವಾದ ಕೂಡಲೇ ಅಲ್ಲಿ ಬೈಕ್ ಬೀಳುತ್ತವೆ, ಆಗಾಗ ಒಂದು ಪಿಕಪ್ ಧರೆಗೆ ಗುದ್ದುತ್ತದೆ. ಕೆಲವು ಕಡೆ ಹತ್ತಿರದ ಚೌಡಿ ಕಲ್ಲಿಗೆ ಕಾಯಿ ಒಡೆಯುತ್ತಾರೆ. ಒಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಬೇರೆ ಬೇರೆ ಜನ, ಬೇರೆ ಬೇರೆ ಗಾಡಿ, ಬೇರೆ ಬೇರೆ ಹೊತ್ತಿನಲ್ಲಿ ಬೀಳುತ್ತಿದ್ದಾರೆ ಅಂದರೆ ರಸ್ತೆಯದ್ದೂ ಏನೋ ತಪ್ಪಿದೆ ಅಂತಲೇ ಅರ್ಥ. ‘ಸ್ಪೀಡ್ ಜಾಸ್ತಿ ಇತ್ತಂತೆ’ ಎಂದು ಮಾತಾಡಿಕೊಂಡು ಮನೆಗೆ ಹೋದರೆ ಮುಂದಿನ ವರ್ಷ ಅಲ್ಲೇ ಮತ್ತೊಬ್ಬ ಬೀಳುತ್ತಾನೆ.

2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತ ಆದವು. ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕ್, ಸ್ಕೂಟರ್‌ನವರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ. ಈ ದೇಶಗಳಿಗೆ ಗಾಡಿ ಬೇಗ ಬಂತು. ಒಳ್ಳೆ ರಸ್ತೆ, ಆಂಬುಲೆನ್ಸ್, ಓಡಿಸುವ ಶಿಸ್ತು ಅಷ್ಟು ಬೇಗ ಬರಲಿಲ್ಲ.

ಇದನ್ನು ತಗ್ಗಿಸಲು ಆಗುವುದಿಲ್ಲವೇ? ಆಗುತ್ತದೆ, ನಮ್ಮ ರಾಜ್ಯದಲ್ಲೇ ಆಗಿದೆ. ಬೆಳಗಾವಿ–ಯರಗಟ್ಟಿ ನಡುವಿನ 62 ಕಿ.ಮೀ. ರಾಜ್ಯ ಹೆದ್ದಾರಿಯಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಒಂದು ಪ್ರಯೋಗ ಮಾಡಿದರು. ರಸ್ತೆ ರಿಪೇರಿ, ಪೊಲೀಸ್ ನಿಗಾ, ಗಾಯಾಳುಗಳಿಗೆ ತುರ್ತು ನೆರವು, ಮೂರನ್ನೂ ಒಟ್ಟಿಗೆ ಹಿಡಿದರು. ಸಾವು ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ಊರಿನ ಐದಾರು ಕಿಲೋಮೀಟರ್ ರಸ್ತೆಗೆ ವಿಶ್ವಬ್ಯಾಂಕ್ ಬರುವುದಿಲ್ಲ. ಆದರೆ ಅದೇ ಮೂರು ಕೆಲಸವನ್ನು ಸಣ್ಣದಾಗಿ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಟೇಪು, ಒಂದು ಮೊಬೈಲ್, ಹಿಡಿದ ಕೆಲಸ ಬಿಡದ ನಾಲ್ಕೈದು ಜನ. ಆ ಜನರಲ್ಲಿ ಒಬ್ಬ ಪಂಚಾಯಿತಿ ಸದಸ್ಯರು, ಒಬ್ಬ ಬಸ್ ಅಥವಾ ಆಟೋ ಡ್ರೈವರ್, ಒಬ್ಬರು ಶಾಲೆ ಮೇಷ್ಟ್ರು, ಒಬ್ಬರು ಆಶಾ ಕಾರ್ಯಕರ್ತೆ ಇದ್ದರೆ ಒಳ್ಳೆಯದು. ಡ್ರೈವರ್ ಅಂತೂ ಇರಲೇಬೇಕು. ರಸ್ತೆ ಎಲ್ಲಿ ಕೈಕೊಡುತ್ತದೆ ಅಂತ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮೊದಲ ಕೆಲಸ: ರಸ್ತೆ ಯಾರದ್ದು ಅಂತ ತಿಳಿಯಿರಿ

ಅರ್ಜಿಗಳು ಅರ್ಧಕ್ಕರ್ಧ ಹಾಳಾಗುವುದು ಇಲ್ಲೇ. ಪಂಚಾಯಿತಿಗೆ ಕೊಟ್ಟ ಅರ್ಜಿಗೆ ‘ಇದು ನಮ್ಮದಲ್ಲ, ಪಿಡಬ್ಲ್ಯುಡಿಯದ್ದು’ ಅನ್ನುತ್ತಾರೆ. ಪಿಡಬ್ಲ್ಯುಡಿಗೆ ಹೋದರೆ ‘ಹೆದ್ದಾರಿ ವಿಭಾಗಕ್ಕೆ ಹೋಗಿ’ ಅನ್ನುತ್ತಾರೆ. ಹೀಗೆ ಅಲೆಯುವ ಬದಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಪ್ಪು ಅಥವಾ ನೀಲಿ ಇದ್ದರೆ ಜಿಲ್ಲಾ ರಸ್ತೆ. ಕೇಸರಿ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಸೇರುತ್ತವೆ. ರಾಷ್ಟ್ರೀಯ ಹೆದ್ದಾರಿಯನ್ನು ಕೆಲವು ಕಡೆ ಹೆದ್ದಾರಿ ಪ್ರಾಧಿಕಾರ ನೋಡಿಕೊಂಡರೆ ಉಳಿದ ಕಡೆ ಪಿಡಬ್ಲ್ಯುಡಿಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ.

ಒಂದು ಸಣ್ಣ ಕಿವಿಮಾತು. ಹೊನ್ನಾವರ–ಸಾಗರ–ಶಿವಮೊಗ್ಗ ದಾರಿಯನ್ನು ನಾವೆಲ್ಲ ಇನ್ನೂ 206 ಅಂತಲೇ ಕರೆಯುತ್ತೇವೆ. ಅದರ ಹೊಸ ನಂಬರ್ 69. ಶಿವಮೊಗ್ಗ–ತೀರ್ಥಹಳ್ಳಿ–ಮಂಗಳೂರು ದಾರಿ 169. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು ಉಡುಪಿಗೆ ಹೋಗುವುದು 169ಎ. ಅರ್ಜಿಯಲ್ಲಿ ಹಳೆಯದು, ಹೊಸದು ಎರಡೂ ನಂಬರ್ ಬರೆಯಿರಿ. ತಪ್ಪು ನಂಬರ್ ಅನ್ನುವ ಕಾರಣಕ್ಕೆ ಫೈಲ್ ವಾಪಸ್ ಬರುವುದು ಬೇಡ.

ಎಲ್ಲೆಲ್ಲಿ ಬಿದ್ದಿದ್ದಾರೆ? ನಕ್ಷೆ ಮಾಡಿ

ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ನಿಮ್ಮ ರಸ್ತೆ ಬರೆಯಿರಿ. ಕಿಲೋಮೀಟರ್ ಕಲ್ಲು, ಮೋರಿ, ಸೇತುವೆ, ಬಸ್ ಸ್ಟಾಪ್, ಶಾಲೆ, ಅಡ್ಡರಸ್ತೆ ಎಲ್ಲ ಗುರುತು ಹಾಕಿ. ಆಮೇಲೆ ಕಳೆದ ಮೂರು ವರ್ಷದ ಅಪಘಾತಗಳನ್ನು ತುಂಬಿ. ಸಾವಿಗೆ ಕೆಂಪು, ಆಸ್ಪತ್ರೆ ಸೇರಿದ್ದಕ್ಕೆ ನೀಲಿ, ಸುಮ್ನೆ ಬಿದ್ದು ಎದ್ದು ಹೋದದ್ದಕ್ಕೆ ಪೆನ್ಸಿಲ್. ಮೂರು ವರ್ಷ ಯಾಕೆ ಅಂದರೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಗುರುತಿಸಲು ಸರ್ಕಾರ ಬಳಸುವ ಅಳತೆ ಅದೇ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಸಾವು ಆಗಿರಬೇಕು. ನಿಮ್ಮ ನಕ್ಷೆಯಲ್ಲಿ ಅಂಥ ಜಾಗ ಕಂಡರೆ ನಿಮ್ಮ ಮಾತಿಗೆ ತೂಕ ತಾನಾಗೇ ಬರುತ್ತದೆ.

ಲೆಕ್ಕ ಎಲ್ಲಿ ಸಿಗುತ್ತದೆ? ಮೊದಲನೆಯದು ಪೊಲೀಸ್ ಠಾಣೆ. ಈಗ ಅಪಘಾತ ಆದ ಜಾಗವನ್ನು ಪೊಲೀಸರು ಐರಾಡ್, ಇ-ಡಾರ್ ವ್ಯವಸ್ಥೆಯಲ್ಲಿ ಜಿಪಿಎಸ್ ಸಮೇತ ದಾಖಲಿಸುತ್ತಾರೆ. ಹೆಸರು ಬೇಡ, ಜಾಗ, ತಾರೀಖು, ಹೊತ್ತು, ಗಾಡಿ ಯಾವುದು ಅನ್ನುವುದಷ್ಟೇ ಸಾಕು ಅಂತ ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಆದರೆ ಠಾಣೆಯ ಲೆಕ್ಕ ಮಾತ್ರ ನಂಬಬೇಡಿ. ಬೈಕಿನಲ್ಲಿ ಬಿದ್ದು ಕಾಲು ತರಚಿಕೊಂಡವರು ಠಾಣೆಗೆ ಹೋಗುವುದಿಲ್ಲ. ಅವರು ಹೋಗುವುದು ಮೆಡಿಕಲ್ ಶಾಪ್‌ಗೆ, ಅವರ ಬೈಕ್ ಹೋಗುವುದು ಗ್ಯಾರೇಜಿಗೆ. ತಿರುವಿನ ಪಕ್ಕ ಟೀ ಅಂಗಡಿ ಇಟ್ಟವರನ್ನು ಕೇಳಿ ನೋಡಿ, ನಿಮಗೆ ಠಾಣೆಯಲ್ಲಿ ಸಿಗದ ಕಥೆಯೆಲ್ಲ ಅವರ ಬಾಯಲ್ಲಿ ಇರುತ್ತದೆ. ‘ಜಾರಿದ್ದಾ, ಗುದ್ದಿದ್ದಾ, ಹಗಲಾ, ರಾತ್ರಿಯಾ, ಮಳೆ ಇತ್ತಾ?’ ಇಷ್ಟು ಕೇಳಿ ಬರೆದುಕೊಳ್ಳಿ. ಹೊತ್ತು ಮುಖ್ಯ. ಬೆಳಿಗ್ಗೆ ಮಂಜಿನಲ್ಲೇ ಬೀಳುತ್ತಿದ್ದರೆ ಮದ್ದು ಬೇರೆ, ಸಂಜೆ ಶಾಲೆ ಬಿಡುವಾಗ ಆಗುತ್ತಿದ್ದರೆ ಮದ್ದು ಬೇರೆ.

ನಕ್ಷೆ ತುಂಬಿದ ಮೇಲೆ ನೋಡಿ. ಚುಕ್ಕೆಗಳು ಇಡೀ ರಸ್ತೆಗೆ ಹರಡಿರುವುದಿಲ್ಲ. ಒಂದೆರಡು ಕಡೆ ಗುಂಪು ಕಟ್ಟಿರುತ್ತವೆ. ಕೆಲಸ ಅಲ್ಲಿಂದ ಶುರು.

ಜಾಗಕ್ಕೆ ಹೋಗಿ ಅಳೆಯಿರಿ

ಈ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಹಗಲು ಒಮ್ಮೆ, ರಾತ್ರಿ ಒಮ್ಮೆ, ಮಳೆಯಲ್ಲಿ ಒಮ್ಮೆ ಹೋಗಬೇಕು. ಠಾಣೆಗೆ ಮೊದಲೇ ತಿಳಿಸಿ. ಎರಡೂ ಕಡೆ ಕೆಂಪು ಬಟ್ಟೆ ಹಿಡಿದು ಒಬ್ಬೊಬ್ಬರು ನಿಲ್ಲಲಿ. ರಾತ್ರಿ ಹೋಗುವಾಗ ಮಿನುಗುವ ಜಾಕೆಟ್ ಇಲ್ಲದೆ ರಸ್ತೆಗೆ ಇಳಿಯಬೇಡಿ.

ಮೊದಲು ಸುಮ್ನೆ ನೆಲ ನೋಡಿ. ಗಾಜಿನ ಚೂರು, ಇಂಡಿಕೇಟರ್ ಪ್ಲಾಸ್ಟಿಕ್, ಟಾರಿನ ಮೇಲೆ ಟೈರ್ ಎಳೆದ ಕಪ್ಪು ಗೆರೆ, ಧರೆಗೆ ಉಜ್ಜಿದ ಪೇಂಟ್, ವಾಲಿದ ಕಲ್ಲು ಏನಾದರೂ ಕಾಣುತ್ತದಾ? ಇವು ಎಲ್ಲಿವೆ ಅನ್ನುವುದೇ ಗಾಡಿ ಎಲ್ಲಿಂದ ಹಿಡಿತ ತಪ್ಪಿತು ಅಂತ ಹೇಳುತ್ತದೆ. ತಿರುವಿನ ಹೊರಬದಿಯಲ್ಲಿ ಗುರುತು ಇದ್ದರೆ ವೇಗ ತಡೆಯಲಾಗದೆ ಹೊರಗೆ ಹೋಗಿದ್ದಾರೆ. ಒಳಬದಿಯಲ್ಲಿದ್ದರೆ ಎದುರಿನಿಂದ ಬಂದವರಿಗೆ ಸೈಡ್ ಕೊಡಲು ಹೋಗಿ ಚರಂಡಿಗೆ ಇಳಿದಿದ್ದಾರೆ.

ಆಮೇಲೆ ದೃಷ್ಟಿ ದೂರ ಅಳೆಯಿರಿ, ಅಂದರೆ ಡ್ರೈವರ್‌ಗೆ ಮುಂದೆ ಎಷ್ಟು ದೂರದವರೆಗೆ ರಸ್ತೆ ಕಾಣುತ್ತದೆ ಅನ್ನುವುದು. ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಒಬ್ಬರು ಅಷ್ಟು ಎತ್ತರಕ್ಕೆ ಬಗ್ಗಿ, ಗಾಡಿ ಬರುವ ಬದಿಯಲ್ಲಿ ನಿಂತು ನೋಡಬೇಕು. ಇನ್ನೊಬ್ಬರು ತಿರುವಿನ ಆಚೆ ಸುಲಿಯದ ತೆಂಗಿನಕಾಯಿ ಒಂದನ್ನು ರಸ್ತೆ ಮೇಲಿಟ್ಟು ಹಿಂದೆ ಹಿಂದೆ ಸರಿಸುತ್ತಾ ಹೋಗಲಿ. ನಮ್ಮ ಹೆದ್ದಾರಿ ಮಾನದಂಡದಲ್ಲಿ ರಸ್ತೆ ಮೇಲಿನ ಅಡ್ಡಿಯ ಎತ್ತರ 15 ಸೆಂ.ಮೀ. ಅಂತ ಹಿಡಿಯುತ್ತಾರೆ, ಕಾಯಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕಾಯಿ ಕಾಣದಾದ ಜಾಗದಿಂದ ಟೇಪು ಹಿಡಿದು ರಸ್ತೆಯ ಉದ್ದಕ್ಕೆ ಅಳೆಯಿರಿ.

ಈಗ ಈ ಅಳತೆಗೆ ಹೋಲಿಸಿ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಗಾಡಿ ನೋಡಿ, ಬ್ರೇಕ್ ಹಾಕಿ, ನಿಲ್ಲಲು 30 ಮೀಟರ್ ಬೇಕು ಅನ್ನುತ್ತದೆ ದೇಶದ ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ ಕಾಂಗ್ರೆಸ್‌ನ ಮಾನದಂಡ. 40 ಕಿ.ಮೀ.ಗೆ 45 ಮೀಟರ್, 50ಕ್ಕೆ 60 ಮೀಟರ್, 60ಕ್ಕೆ 80 ಮೀಟರ್. ನಿಮ್ಮ ತಿರುವಿನಲ್ಲಿ 35 ಮೀಟರ್ ಮಾತ್ರ ಕಂಡರೆ ಅಲ್ಲಿ 40ರಲ್ಲಿ ಬಂದವರಿಗೂ ನಿಲ್ಲಿಸಲು ಜಾಗ ಸಾಲದು.

ಹಾಗಾದರೆ ಜನ ಎಷ್ಟು ವೇಗದಲ್ಲಿ ಬರುತ್ತಿದ್ದಾರೆ? ಅದಕ್ಕೂ ಸ್ಪೀಡ್ ಗನ್ ಬೇಡ. ತಿರುವಿಗೆ ಮೊದಲು ರಸ್ತೆ ಬದಿಯಲ್ಲಿ 50 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗುರುತು ಹಾಕಿ. ಗಾಡಿ ಮೊದಲ ಗುರುತು ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. ನಾಲ್ಕೂವರೆ ಸೆಕೆಂಡ್ ಆದರೆ 40, ಮೂರು ಸೆಕೆಂಡ್ ಆದರೆ 60. ನೂರು ಗಾಡಿ ಬರೆದುಕೊಂಡು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, 85ನೆಯ ಗಾಡಿಯ ವೇಗ ನೋಡಿ. ಇಂಜಿನಿಯರ್‌ಗಳು ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ‘ಸಾರ್, ಇಲ್ಲಿ ಭಾರೀ ಸ್ಪೀಡ್’ ಅನ್ನುವುದಕ್ಕೂ ‘ಸಾರ್, ಇಲ್ಲಿ ಕಾಣುವುದು 35 ಮೀಟರ್, ಗಾಡಿ ಬರುವುದು 54ರಲ್ಲಿ’ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ?

ರಸ್ತೆಯ ಅಗಲವನ್ನೂ ಅಳೆಯಿರಿ. ಒಂದು ಲೇನಿನ ರಸ್ತೆ ಅಂದರೆ 3.75 ಮೀಟರ್ ಟಾರು. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಉಳಿಯುವ ಒಂದು ಮೀಟರ್ ಚಿಲ್ಲರೆಯಲ್ಲಿ ಬೈಕಿನವನು ಟಾರಿನ ಅಂಚಿಗೆ ಹೋಗಲೇಬೇಕು. ಅಂಚಿನಿಂದ ಮಣ್ಣು ಕೊಚ್ಚಿಹೋಗಿ ಗೇಣುದ್ದ ತಗ್ಗು ಬಿದ್ದಿದ್ದರೆ ಮುಂದಿನ ಚಕ್ರ ಇಳಿಯುತ್ತದೆ, ಮತ್ತೆ ಹತ್ತುವುದಿಲ್ಲ. ಬೈಕ್ ವಾಲಿ ಬೀಳುತ್ತದೆ, ಕೆಲವೊಮ್ಮೆ ಬಸ್ಸಿನ ಹಿಂದಿನ ಚಕ್ರದ ಕಡೆಗೇ. ಮಲೆನಾಡಿನ ಹಳ್ಳಿ ರಸ್ತೆಗಳ ಅಪಾಯಗಳಲ್ಲಿ ಹೊಂಡಕ್ಕಿಂತ ಈ ಅಂಚೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಆದರೆ ದೂರು ಬರುವುದೆಲ್ಲ ಹೊಂಡದ ಬಗ್ಗೆ.

ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು

ಊರವರೇ ಸೇರಿ ಮಾಡಬಹುದಾದ ಕೆಲಸ ಮೊದಲು. ತಿರುವಿನ ಒಳಬದಿಯ ಪೊದೆ, ಲಂಟಾನ, ಧರೆಯಿಂದ ಇಳಿಬಿದ್ದ ಬಳ್ಳಿ ಸವರಿದರೆ ದೃಷ್ಟಿ ದೂರ ಆ ದಿನವೇ ಹೆಚ್ಚುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಸವರಬೇಕು, ಯಾಕೆಂದರೆ ನಮ್ಮಲ್ಲಿ ಆಗಸ್ಟ್ ಹೊತ್ತಿಗೆ ಎಲ್ಲ ಮತ್ತೆ ಆಳೆತ್ತರ ಬಂದಿರುತ್ತದೆ. ಮರದ ಕೊಂಬೆಗೆ ಮಾತ್ರ ಕೈ ಹಾಕಬೇಡಿ, ಅರಣ್ಯ ಇಲಾಖೆಗೆ ಹೇಳಿ ಮಾಡಿಸಿ. ಚರಂಡಿ ಬಿಡಿಸಿ. ಚರಂಡಿ ಕಟ್ಟಿದರೆ ನೀರು ರಸ್ತೆ ಮೇಲೆ ಹರಿಯುತ್ತದೆ, ಜಲ್ಲಿ ತಂದು ತಿರುವಿನಲ್ಲಿ ಹರಡುತ್ತದೆ, ಅಂಚಿನ ಮಣ್ಣನ್ನೂ ಅದೇ ಕೊಚ್ಚುತ್ತದೆ. ರಸ್ತೆ ಮೇಲೆ ಒಕ್ಕಣೆ, ಹುಲ್ಲು ಒಣಗಿಸುವುದು, ರಸ್ತೆ ಬದಿ ಸೌದೆ ಪೇರಿಸುವುದು ಇವನ್ನು ಗ್ರಾಮಸಭೆಯಲ್ಲೇ ಮಾತಾಡಿ ನಿಲ್ಲಿಸಿ. ಇದು ಹೇಳಲು ಸುಲಭ, ಅಕ್ಕಪಕ್ಕದವರಿಗೆ ಹೇಳುವುದು ಕಷ್ಟ. ಅಧ್ಯಕ್ಷರೇ ಹೇಳಲಿ.

ಇಲಾಖೆಯಿಂದ ಆಗಬೇಕಾದ್ದು ಹಳದಿ ಮೇಲೆ ಕಪ್ಪು ಬಾಣದ ತಿರುವಿನ ಫಲಕಗಳು, ಬೆಳಕು ಬಿದ್ದರೆ ಹೊಳೆಯುವ ಅಂಚಿನ ಕಂಬಗಳು, ಟಾರಿನ ಅಂಚಿಗೆ ಬಿಳಿ ಗೆರೆ, ಹೊರಬದಿಯ ಕಮರಿಗೆ ಲೋಹದ ತಡೆಪಟ್ಟಿ, ಅಂಚಿಗೆ ಗ್ರಾವೆಲ್ ತುಂಬಿ ಸಮ ಮಾಡುವುದು. ಮಂಜಿನಲ್ಲಿ ಬಿಳಿ ಗೆರೆಯಷ್ಟು ಉಪಕಾರಿ ಬೇರೊಂದಿಲ್ಲ. ಡ್ರೈವರ್ ಆಗ ಓಡಿಸುವುದೇ ಆ ಗೆರೆ ನೋಡಿಕೊಂಡು. ತಿರುವಿನ ಕನ್ನಡಿ ಅಂದರೆ ಎಲ್ಲರಿಗೂ ಇಷ್ಟ. ಅಡ್ಡರಸ್ತೆ ಸೇರುವಲ್ಲಿ ಅದು ಒಳ್ಳೆಯದೇ, ಆದರೆ ಮಂಜಿನಲ್ಲಿ, ಮಳೆಯಲ್ಲಿ ಅದರಲ್ಲಿ ಏನೂ ಕಾಣುವುದಿಲ್ಲ. ಪೊದೆ ಸವರಿಸುವ ಬದಲು ಕನ್ನಡಿ ಕೇಳಬೇಡಿ.

ಬಸ್ ಸ್ಟಾಪ್ ತಿರುವಿನಲ್ಲೇ ಇದ್ದರೆ ಐವತ್ತು ಅರವತ್ತು ಮೀಟರ್ ಆಚೆಗೆ ಸರಿಸಿ. ಬಸ್ ನಿಂತರೆ ಹಿಂದಿನವನು ಓವರ್‌ಟೇಕ್ ಮಾಡುತ್ತಾನೆ, ಇಳಿದ ಮಕ್ಕಳು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟುತ್ತಾರೆ. ಬಸ್ ಹೋಗುವವರೆಗೂ ದಾಟಬಾರದು ಅಂತ ಶಾಲೆಯಲ್ಲಿ ದಿನಾ ಹೇಳಿಕೊಡಿ.

ಹಂಪ್ಸ್ ಕೇಳುವ ಮುಂಚೆ ಸ್ವಲ್ಪ ನಿಲ್ಲಿ

ಅಪಘಾತ ಆದ ಮರುದಿನ ರಸ್ತೆ ತಡೆ, ಮೂರನೇ ದಿನ ಹಂಪ್ಸ್. ನಮ್ಮಲ್ಲಿ ನಡೆಯುವುದೇ ಹೀಗೆ. ರಾತ್ರೋರಾತ್ರಿ ಒಂದು ಗಾಡಿ ಜಲ್ಲಿ, ಟಾರು ಸುರಿದು ಗುಡ್ಡ ಮಾಡಿ ಹೋಗುತ್ತಾರೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಒಂದು ವಾರದಲ್ಲಿ ಅದೇ ಹಂಪ್ಸ್ ಹಾರಿ ಹಿಂದೆ ಕೂತ ಹೆಂಗಸು ಬಿದ್ದು ತಲೆಗೆ ಪೆಟ್ಟಾಗುತ್ತದೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರನ್ನು ಬೀಳಿಸಿದ ಹಾಗೆ.

ಹಂಪ್ಸ್‌ಗೂ ಒಂದು ಆಕಾರ ಇದೆ. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವುದು ಹೀಗೆ. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯಬೇಕು. ಹೀಗಿದ್ದರೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ಸುಮಾರು 40 ಮೀಟರ್ ಮೊದಲೇ ಎಚ್ಚರಿಕೆ ಫಲಕ ಇರಬೇಕು, ಹಂಪ್ಸ್ ಮೇಲೆ ಬಣ್ಣದ ಪಟ್ಟಿ ಇರಬೇಕು. ನಿಮ್ಮೂರಿನ ಹಂಪ್ಸ್ ಮೇಲೆ ಒಂದು ಉದ್ದನೆಯ ದಬ್ಬೆ ಇಟ್ಟು, ಟೇಪು ಹಿಡಿದು ನೋಡಿ. ಅರ್ಧ ಮೀಟರ್ ಅಗಲಕ್ಕೇ ಒಂದು ಗೇಣು ಎದ್ದಿದ್ದರೆ ಅದನ್ನು ಸರಿ ಮಾಡಿಸುವುದೂ ಸುರಕ್ಷತೆಯ ಕೆಲಸವೇ.

ತಿರುವಿನ ಒಳಗೆ, ಇಳಿಜಾರಿನ ನಡುವೆ, ಸೇತುವೆ ಬಾಯಲ್ಲಿ ಹಂಪ್ಸ್ ಬೇಡವೇ ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ಸ್ ಇರಬಾರದು ಅನ್ನುವುದು ಕೇಂದ್ರ ಸಾರಿಗೆ ಸಚಿವಾಲಯದ ನಿಲುವು. ಅಲ್ಲಿ ಕಿರುಪಟ್ಟಿಗಳನ್ನು ಕೇಳಿ, ಗಾಡಿ ಹೋದರೆ ಗಡಗಡ ಅನ್ನುವ ಆ ಸಾಲುಪಟ್ಟಿ. ಹಂಪ್ಸ್‌ಗೆ ಸರಿಯಾದ ಜಾಗ ಅಂದರೆ ಹಳ್ಳಿ ರಸ್ತೆ ಮುಖ್ಯರಸ್ತೆಗೆ ಸೇರುವ ಮುಂಚೆ, ಮತ್ತು ಶಾಲೆ ಮುಂದಿನ ಒಳರಸ್ತೆ.

ಅರ್ಜಿ ಬರೆಯುವ ರೀತಿ

ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆಮೇಲೆ ಒಂದೇ ಪುಟದ ಅರ್ಜಿ. ರಸ್ತೆ ನಂಬರ್, ಎಷ್ಟನೇ ಕಿಲೋಮೀಟರ್ ಕಲ್ಲಿನಿಂದ ಎಷ್ಟು ಮೀಟರ್, ಮೂರು ವರ್ಷದಲ್ಲಿ ಎಷ್ಟು ಸಾವು, ಎಷ್ಟು ಗಾಯ, ದೃಷ್ಟಿ ದೂರ, ಗಾಡಿಗಳ ವೇಗ. ಹಗಲಿನದೊಂದು, ರಾತ್ರಿಯದೊಂದು ಫೋಟೋ. ಕೊನೆಗೆ ಏನು ಬೇಕು ಅನ್ನುವುದು. ‘ಸೂಕ್ತ ಕ್ರಮ ಕೈಗೊಳ್ಳಿ’ ಅಂತ ಬರೆದರೆ ಸೂಕ್ತ ಕ್ರಮ ಅಂದರೆ ಏನೂ ಇಲ್ಲ. ‘ಹೊರಬದಿಯಲ್ಲಿ ಆರು ಬಾಣದ ಫಲಕ, 60 ಮೀಟರ್ ತಡೆಪಟ್ಟಿ, ಎರಡೂ ಕಡೆ ಅಂಚಿಗೆ ಗ್ರಾವೆಲ್’ ಅಂತ ಬರೆಯಿರಿ.

ರಸ್ತೆಯ ಒಡೆಯರಾದ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್‌ಗೆ ಒಂದು, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ನಮ್ಮಲ್ಲಿ ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಪಿಡಬ್ಲ್ಯುಡಿ, ಆರೋಗ್ಯ ಇಲಾಖೆ ಒಂದೇ ಮೇಜಿನ ಸುತ್ತ ಕೂರುವುದು ಅಲ್ಲಿ. ‘ಮುಂದಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿ’ ಅಂತ ಅರ್ಜಿಯಲ್ಲೇ ಕೇಳಿ. ಆಮೇಲೆ ನಡಾವಳಿಯ ಪ್ರತಿ ಕೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಂ ಸೇರಿಸಿದ್ದಾರೆ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ಮಾನದಂಡದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಇಲಾಖೆ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದನ್ನು ಬೆದರಿಕೆಯಾಗಿ ಬಳಸಬೇಡಿ. ಅರ್ಜಿಯ ಕೊನೆಗೆ ಒಂದು ಸಾಲು ಇರಲಿ, ಅಷ್ಟು ಸಾಕು.

ಬೀದಿ ದೀಪಕ್ಕೆ ಪಂಚಾಯಿತಿ ಮತ್ತು ಮೆಸ್ಕಾಂ. ಆದರೆ ದೀಪ ಎಲ್ಲ ಕಡೆ ಬೇಕಿಲ್ಲ. ಜನ ರಸ್ತೆ ದಾಟುವಲ್ಲಿ, ಸರ್ಕಲ್ಲಿನಲ್ಲಿ ಇದ್ದರೆ ಸಾಕು.

ಇನ್ನು ನಮ್ಮ ಪಾಲಿನದು

ರಸ್ತೆ ಎಷ್ಟು ಸರಿ ಮಾಡಿದರೂ ಹೆಲ್ಮೆಟ್ ಇಲ್ಲದ ತಲೆಗೆ ಮದ್ದಿಲ್ಲ. ಸರಿಯಾದ ಹೆಲ್ಮೆಟ್ ಹಾಕಿದರೆ ಸಾಯುವ ಅಪಾಯ ಸುಮಾರು ಶೇ 40ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಶೇ 70ರಷ್ಟು ಕಡಿಮೆ ಅಂತ ಅಧ್ಯಯನಗಳು ಹೇಳುತ್ತವೆ. ‘ತೋಟಕ್ಕೆ ಹೋಗಿ ಬರೋಕೆ ಯಾಕೆ ಹೆಲ್ಮೆಟ್?’ ಅನ್ನುವುದು ನಮ್ಮಲ್ಲಿ ದೊಡ್ಡ ರೋಗ. ಪೊಲೀಸರು ಇರುವುದು ಪೇಟೆಯಲ್ಲಿ, ಬೀಳುವುದು ಮನೆ ಹತ್ತಿರ. ಅರ್ಧ ತಲೆ ಮುಚ್ಚುವ ಟೋಪಿಯಂಥದ್ದು ದಂಡ ತಪ್ಪಿಸಲು ಮಾತ್ರ. ಐಎಸ್‌ಐ ಗುರುತು ನೋಡಿ ತಗೊಳ್ಳಿ. ಪಟ್ಟಿ ಹಾಕಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳು ಹಿಡಿಯುವಷ್ಟೇ ಜಾಗ ಇರಬೇಕು. ಹಿಂದಿನಿಂದ ಹೆಲ್ಮೆಟ್ ಮುಂದಕ್ಕೆ ತಳ್ಳಿ ನೋಡಿ, ಕಳಚಿ ಬಂದರೆ ಬಿದ್ದಾಗಲೂ ಹಾಗೇ ಕಳಚುತ್ತದೆ. ಹಿಂದೆ ಕೂರುವವರಿಗೂ ಬೇಕು. 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ, 40 ಕಿ.ಮೀ. ಮೀರದ ವೇಗ ಕಡ್ಡಾಯ ಅಂತ 2023ರಿಂದ ನಿಯಮ ಇದೆ. ಮಳೆಗಾಲದಲ್ಲಿ ಹಿಂದೆ ಕೂತು ಕೊಡೆ ಬಿಡಿಸುವುದನ್ನು ಬಿಡಿಸಿ. ಗಾಳಿ ಹೊಡೆದರೆ ಕೊಡೆ ಜತೆ ಆಳೂ ಹೋಗುತ್ತಾರೆ.

ಹೈಸ್ಕೂಲು ಹುಡುಗರ ಕೈಗೆ ಸ್ಕೂಟರ್ ಕೊಡುವ ಅಪ್ಪ ಅಮ್ಮಂದಿರಿಗೆ ಕಾಯ್ದೆಯ 199ಎ ಕಲಂ ಓದಿ ಹೇಳಿ. 18 ತುಂಬದವರು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಬಸ್ ಇಲ್ಲದ ಊರಲ್ಲಿ ಮಕ್ಕಳು ಹೇಗೆ ಹೋಗಬೇಕು ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಬೆಳಿಗ್ಗೆ, ಸಂಜೆ ಶಾಲೆ ಹೊತ್ತಿಗೆ ಬಸ್ ಬಿಡಿಸುವ ಅರ್ಜಿಯೂ ಇದೇ ಕೆಲಸದ ಭಾಗ.

ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಪಿಕಪ್ ಹಿಂದೆ ಕೂಲಿಯವರನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು. ಆದರೂ ನಡೆಯುತ್ತದೆ. ಪಿಕಪ್ ಮಗುಚಿದರೆ ಒಂದೇ ಏಟಿಗೆ ಹತ್ತು ಮನೆಗೆ ಪೆಟ್ಟು, ಸರಕು ಗಾಡಿಯಲ್ಲಿ ಕೂತವರಿಗೆ ವಿಮೆ ಸಿಗುವುದೂ ಕಷ್ಟ. ಸೊಸೈಟಿಯ ಸಭೆಯಲ್ಲೇ ಈ ವಿಷಯ ಎತ್ತಿ. ಇಬ್ಬರು ಮೂವರು ಬೆಳೆಗಾರರು ಸೇರಿ ಜೀಪಿಗೋ ಆಟೋಗೋ ಬಾಡಿಗೆ ಕೊಟ್ಟರೆ ಆಗದ ಮಾತೇನಲ್ಲ.

ರಾತ್ರಿ ರಸ್ತೆಯಲ್ಲಿ ಮಲಗುವ ದನಗಳ ಕುತ್ತಿಗೆಗೆ ಹೊಳೆಯುವ ಪಟ್ಟಿ ಕಟ್ಟಿ. ಖರ್ಚು ತೀರಾ ಕಡಿಮೆ.

ಮಳೆಗಾಲ, ಘಾಟಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಂಥ ಊರಲ್ಲಿ ಬಯಲುಸೀಮೆಯ ಅಭ್ಯಾಸ ನಡೆಯುವುದಿಲ್ಲ. ಮೊದಲ ಮಳೆಗೆ ಟಾರಿನ ಮೇಲಿನ ಧೂಳು, ಎಣ್ಣೆ ಸೇರಿ ಜಾರುತ್ತದೆ. ಮರದ ನೆರಳಿನ ರಸ್ತೆಯಲ್ಲಿ ಪಾಚಿ ಕಟ್ಟುತ್ತದೆ. ಕಾರಿನ ಟೈರಿನ ಮೇಲಿನ ಗೀರುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನು ಪ್ರಕಾರವೇ ಬದಲಿಸಬೇಕು, ನಮ್ಮ ಕಡೆ ಅದಕ್ಕೂ ಮುಂಚೆ ಬದಲಿಸಿದರೆ ಒಳ್ಳೆಯದು. ಮಂಜಿನಲ್ಲಿ ಡಿಮ್ ಲೈಟ್ ಹಾಕಿ, ಬ್ರೈಟ್ ಹಾಕಿದರೆ ಬರೀ ಬಿಳಿ ಗೋಡೆ ಕಾಣುತ್ತದೆ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಟುಕಿಸುವ ಹೊಸ ಅಭ್ಯಾಸ ಬೇಡ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒಂದನ್ನೇ ನಂಬಿದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ಇಕ್ಕಟ್ಟಿನಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನುವುದು ನಿಯಮ. ಇದು ಗೊತ್ತಿಲ್ಲದ ಪ್ರವಾಸಿಗಳು ವಾರಾಂತ್ಯದಲ್ಲಿ ಆಗುಂಬೆಯ ತಿರುವಿನಲ್ಲಿ ಬಸ್ಸಿನ ಮೂತಿಗೆ ಮೂತಿ ಕೊಟ್ಟು ನಿಲ್ಲುತ್ತಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಡೆಗೂ ಹೊರಗಿನ ಗಾಡಿ ಹೆಚ್ಚಿದೆ. ಅಂಥ ರಸ್ತೆಯ ಪಂಚಾಯಿತಿಗಳು ಊರು ಶುರುವಾಗುವಲ್ಲೇ ‘ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಿ’ ಎಂಬ ಬೋರ್ಡ್ ಹಾಕಿಸಲಿ.

ಬಿದ್ದ ಮೇಲಿನ ಮೊದಲ ಒಂದು ಗಂಟೆ

ಪೇಟೆಯಲ್ಲಿ ಬಿದ್ದವರು ಬದುಕುತ್ತಾರೆ, ಅದೇ ಪೆಟ್ಟಿಗೆ ಕಾಡಿನ ನಡುವೆ ಬಿದ್ದವರು ಸಾಯುತ್ತಾರೆ. ವ್ಯತ್ಯಾಸ ಆಸ್ಪತ್ರೆ ತಲುಪುವ ಹೊತ್ತಿನದು. ನಮ್ಮಲ್ಲಿ ಮೊದಲ ತೊಂದರೆಯೇ ಸಿಗ್ನಲ್. ರಸ್ತೆಯುದ್ದಕ್ಕೂ ಎಲ್ಲೆಲ್ಲಿ ಫೋನ್ ಸಿಗುತ್ತದೆ ಅಂತ ಅದೇ ನಕ್ಷೆಯಲ್ಲಿ ಗುರುತು ಹಾಕಿ, ಸಿಗದ ಕಡೆ ‘ಸಿಗ್ನಲ್ 800 ಮೀ. ಮುಂದೆ’ ಅಂತ ಸಣ್ಣ ಬೋರ್ಡ್ ಹಾಕಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಒಮ್ಮೆ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು. ಆಂಬುಲೆನ್ಸ್‌ಗೆ 108. ಪ್ರಾಧಿಕಾರದ ಹೆದ್ದಾರಿಯಲ್ಲಿ 1033. ‘ಅಶ್ವತ್ಥ ಕಟ್ಟೆ ಹತ್ತಿರ’ ಅಂದರೆ ಆಂಬುಲೆನ್ಸ್‌ನವರಿಗೆ ತಿಳಿಯುವುದಿಲ್ಲ. ರಸ್ತೆ ನಂಬರ್, ಕಿಲೋಮೀಟರ್ ಕಲ್ಲು ಹೇಳಿ.

ಮೊದಲು ಹಿಂದಿನಿಂದ ಬರುವ ಗಾಡಿ ತಡೆಯಲು ಇಬ್ಬರನ್ನು ನಿಲ್ಲಿಸಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ನೋಡೋಣ ಅಂತ ಮತ್ತೆ ಮತ್ತೆ ಎತ್ತಬೇಡಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬೇಡಿ. ನೀರು ಕುಡಿಸಬೇಡಿ, ಅದು ನಮ್ಮವರ ಮೊದಲ ಉಪಚಾರ, ದೊಡ್ಡ ತಪ್ಪೂ ಅದೇ. ಕೈಕಾಲು ಹಿಡಿದು ಜೀಪಿಗೆ ತುಂಬಬೇಡಿ. ಆಂಬುಲೆನ್ಸ್ ತುಂಬಾ ದೂರ ಇದ್ದು ಕಾಯಲು ಆಗದಿದ್ದರೆ ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆ, ಕುತ್ತಿಗೆ ಅಲುಗದಂತೆ ಹಿಡಿದುಕೊಂಡು ಪಿಕಪ್‌ನಲ್ಲಿ ಕರೆದೊಯ್ಯಿರಿ. ಆಶಾ ಕಾರ್ಯಕರ್ತೆ, ಡ್ರೈವರ್‌ಗಳು, ತಿರುವಿನ ಟೀ ಅಂಗಡಿಯವರು ಈ ತರಬೇತಿ ಪಡೆದಿರಲಿ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿದರೆ ಅರ್ಧ ದಿನ ಹೇಳಿಕೊಡುತ್ತಾರೆ. ಶಿವಮೊಗ್ಗದ ಮೆಗ್ಗಾನ್‌ಗೋ ಮಣಿಪಾಲಕ್ಕೋ ಅನ್ನುವ ಚರ್ಚೆ ರಸ್ತೆ ಮೇಲೆ ಬೇಡ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ರಕ್ತ ಹತೋಟಿಗೆ ಬರಲಿ, ಮುಂದಿನದು ವೈದ್ಯರು ಹೇಳಲಿ.

‘ಮುಟ್ಟಿದರೆ ಕೋರ್ಟು ಕಚೇರಿ ಅಲೆಯಬೇಕು’ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, 2019ರಲ್ಲಿ ಅದು 134ಎ ಕಲಂ ಆಗಿ ಕಾಯ್ದೆಗೇ ಬಂದಿದೆ. ಹೆಸರು ಹೇಳುವುದು ನಿಮ್ಮ ಇಷ್ಟ, ಸಾಕ್ಷಿ ಹೇಳಲು ಒತ್ತಾಯ ಇಲ್ಲ. ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ರಾಹ್‌ವೀರ್ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಇದೆ. ಖರ್ಚಿನ ಚಿಂತೆಗೂ ಉತ್ತರ ಇದೆ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ನಿಮ್ಮ ಸುತ್ತ ಯಾವ ಆಸ್ಪತ್ರೆಗಳು ಆ ಪಟ್ಟಿಯಲ್ಲಿವೆ ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ಸತ್ತವರ ಮನೆಯವರಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಪರಿಹಾರ ಇದೆ. ಇದನ್ನು ಕೇಳುವವರು ತೀರಾ ಕಡಿಮೆ, ಯಾಕೆಂದರೆ ಗೊತ್ತಿರುವವರೇ ಕಡಿಮೆ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಮತ್ತೆ ಲೆಕ್ಕ

ಕೆಲಸ ಆದ ಮೇಲೆ ಅದೇ ಜಾಗದಲ್ಲಿ ಅದೇ ಟೇಪು, ಅದೇ ಸ್ಟಾಪ್‌ವಾಚ್ ಹಿಡಿದು ಮತ್ತೆ ಅಳೆಯಿರಿ. ಮಳೆಗಾಲವನ್ನು ಮಳೆಗಾಲದ ಜತೆಗೇ ಹೋಲಿಸಿ, ಬೇಸಿಗೆಯ ಲೆಕ್ಕ ನೋಡಿ ಖುಷಿಪಡಬೇಡಿ. ಪಂಚಾಯಿತಿ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡಿ, ಸಣ್ಣಪುಟ್ಟ ಬಿದ್ದದ್ದನ್ನೂ ಬರೆಯಿರಿ. ಫಲಕ ಕದ್ದುಹೋಯಿತಾ, ಬಣ್ಣ ಮಾಸಿತಾ, ಪೊದೆ ಮತ್ತೆ ಬೆಳೆಯಿತಾ ಅಂತ ನೋಡಲು ಒಬ್ಬರಿಗೆ ಹೆಸರು ಹಿಡಿದು ಜವಾಬ್ದಾರಿ ಕೊಡಿ.

ರಸ್ತೆಗೆ ಹೊಸ ಟಾರು ಬಿದ್ದ ವರ್ಷ ಮಾತ್ರ ಹೆಚ್ಚು ಎಚ್ಚರ ಬೇಕು. ಹೊಂಡ ಹೋದ ಕೂಡಲೇ ವೇಗ ಏರುತ್ತದೆ, ತಿರುವು ಮಾತ್ರ ಇದ್ದಲ್ಲೇ ಇರುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ಆಗುವಂಥ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟಾರಿನ ಪದರ ಮೇಲೇರಿದಷ್ಟೂ ಅಂಚಿನ ತಗ್ಗು ಆಳವಾಗುತ್ತದೆ. ಆದ್ದರಿಂದ ಕಾಮಗಾರಿ ಮುಗಿದ ಮೊದಲ ವಾರದಲ್ಲೇ ಹೋಗಿ ಅಳೆಯಿರಿ. ಅಂಚಿಗೆ ಗ್ರಾವೆಲ್, ಬಿಳಿ ಗೆರೆ, ಬಾಣದ ಫಲಕ ಅಂದಾಜುಪಟ್ಟಿಯಲ್ಲಿ ಇವೆಯಾ ಅಂತ ಸಹಾಯಕ ಇಂಜಿನಿಯರ್ ಹತ್ತಿರ ಕೇಳಿ. ಇದ್ದರೆ ಗುತ್ತಿಗೆದಾರರ ರೋಲರ್ ಊರು ಬಿಡುವ ಮುಂಚೆಯೇ ಮಾಡಿಸಿಕೊಳ್ಳಿ.